ನಂದಗಿರಿನಾಥನ ಆನೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ — ಈ ನಾಲ್ಕು ತಾಲ್ಲೂಕುಗಳ ಜನಕ್ಕೂ ಆನೆಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಕಷ್ಟ. ನಮ್ಮದು ಕೆರೆಗಳ ಸೀಮೆ, ಬಂಡೆಗಳ ಸೀಮೆ. ರಾಗಿ, ನೆಲಗಡಲೆ, ಹಿಪ್ಪುನೇರಳೆಯ ಸೀಮೆ. ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಉತ್ತರ ಪಿನಾಕಿನಿಯ ಮರಳಿನಲ್ಲಿ ನೀರನ್ನು ಹುಡುಕುವ ನಮಗೆ ಆನೆಯ ಹಿಂಡು ಇಳಿದು ಮೀಯುವ ಹೊಳೆ ಎಲ್ಲಿಯದು? ಆದರೂ ನಮ್ಮ ಮಾತಿನಲ್ಲಿ ಆನೆಗೆ ಬರವಿಲ್ಲ. ಸಾಲದು ಬಾರದು ಎಂಬುದಕ್ಕೆ ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎನ್ನುತ್ತೇವೆ. ಬಲವಂತನನ್ನು ಕಂಡರೆ ‘ಆನೆ ನಡೆದದ್ದೇ ದಾರಿ’ ಎಂದು ನಿಟ್ಟುಸಿರು ಬಿಡುತ್ತೇವೆ. ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂದು ಆನೆಯ ಬೆಲೆಯನ್ನು ಎಣಿಸುತ್ತೇವೆ. ಕಾಣದ ಪ್ರಾಣಿಯ ಮೇಲೆ ಇಷ್ಟು ಗಾದೆಗಳು ಹುಟ್ಟುವುದಿಲ್ಲ. ಎಲ್ಲೋ ಒಂದು ಹಳೆಯ ಪರಿಚಯ ಇರಲೇಬೇಕು.

ಆ ಪರಿಚಯದ ಗುರುತನ್ನು ಹುಡುಕುವವರು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಕಣ್ಣ ಮುಂದಿರುವ ನಂದಿಬೆಟ್ಟದ ಕಡೆ ತಿರುಗಿದರೆ ಸಾಕು. ತಲಕಾಡಿನ ಗಂಗರು ತಮ್ಮ ಶಾಸನಗಳಲ್ಲಿ ತಮ್ಮನ್ನು ‘ಕುವಲಾಲಪುರವರೇಶ್ವರ’ ಎಂದೂ ‘ನಂದಗಿರಿನಾಥ’ ಎಂದೂ ಕರೆದುಕೊಂಡರು. ಕುವಲಾಲವೆಂದರೆ ಇಂದಿನ ಕೋಲಾರ. ನಂದಗಿರಿಯೆಂದರೆ ಈ ನಂದಿಬೆಟ್ಟವೇ. ರಾಜಧಾನಿ ಕಾವೇರಿಯ ದಡಕ್ಕೆ ಹೋದ ಮೇಲೂ ಅವರು ಈ ಎರಡು ಬಿರುದುಗಳನ್ನು ಬಿಡಲಿಲ್ಲ. ಹುಟ್ಟಿದ ಊರಿನ ಹೆಸರನ್ನು ಮನೆತನದ ಹೆಸರಾಗಿ ಉಳಿಸಿಕೊಳ್ಳುವವರಂತೆ ಉಳಿಸಿಕೊಂಡರು. ಇದೇ ಬಿರುದಾವಳಿಯಲ್ಲಿ ಇನ್ನೊಂದು ಮಾತೂ ಸೇರಿದೆ: ಅವರು ಮದಗಜೇಂದ್ರ ಲಾಂಛನರು. ಗಂಗರ ತಾಮ್ರಶಾಸನಗಳ ಹಲಗೆಗಳನ್ನು ಪೋಣಿಸಿದ ಬಳೆಯ ಮೇಲಿನ ಮುದ್ರೆಯಲ್ಲಿ ಆನೆಯೊಂದು ನಿಂತಿರುತ್ತದೆ. ಅವರವೆಂದು ಹೇಳಲಾಗುವ ಚಿನ್ನದ ನಾಣ್ಯಗಳಲ್ಲೂ ಆನೆಯೇ ಇದೆ. ಹಾಗಾದರೆ ನಮ್ಮ ಬೆಟ್ಟದ ಒಡೆಯನ ಗುರುತು ಆನೆ. ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರನ ಗುಡಿಗೆ ಶಿವರಾತ್ರಿಯ ತೇರಿಗೆಂದು ಹೋಗುವ ನಮ್ಮ ರೈತರಲ್ಲಿ ಈ ಸಂಗತಿಯನ್ನು ಬಲ್ಲವರು ಕಡಮೆ; ಬಲ್ಲವರಿಗೆ ಹೆಮ್ಮೆಯಾಗುವ ಸಂಗತಿ ಇದು.

ಗಂಗರು ಆನೆಯನ್ನು ಮುದ್ರೆಯ ಮೇಲೆ ಒತ್ತಿ ಸುಮ್ಮನಾದವರಲ್ಲ. ಎಂಟನೆಯ ಶತಮಾನದಲ್ಲಿ ಬಹುಕಾಲ ಆಳಿದ ಶ್ರೀಪುರುಷ ಗಜಶಾಸ್ತ್ರವನ್ನು ಬರೆದನೆಂದು ಪ್ರಸಿದ್ಧಿ. ಅವನ ಮಗ ಇಮ್ಮಡಿ ಶಿವಮಾರ ರಾಷ್ಟ್ರಕೂಟರ ಸೆರೆಯಲ್ಲಿ ನೊಂದವನು. ಆದರೆ ಕನ್ನಡದಲ್ಲಿ ‘ಗಜಾಷ್ಟಕ’ವೆಂಬ ಕೃತಿಯನ್ನು ರಚಿಸಿದ ಕೀರ್ತಿ ಅವನದು. ಆ ಕೃತಿ ಇಂದು ನಮಗೆ ದೊರೆತಿಲ್ಲ. ಅದು ಓವನಿಗೆಯಾಗಿ, ಒನಕೆವಾಡಾಗಿ ಜನರ ಬಾಯಲ್ಲಿ ನಿಂತಿತ್ತೆಂದು ಮಾತ್ರ ಮುಂದಿನ ಶಾಸನವೊಂದು ಹೇಳುತ್ತದೆ. ಈ ಒಂದು ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಅರಸ ಆನೆಯನ್ನು ಕುರಿತು ಬರೆದದ್ದು ಅರಮನೆಯ ಪಂಡಿತರ ಕಟ್ಟಿನಲ್ಲಿ ಉಳಿಯದೆ, ಭತ್ತ ಕುಟ್ಟುವ ಹೆಂಗಸರ ಒನಕೆಯ ಲಯಕ್ಕೆ ಬಂದು ಸೇರಿತು. ಆನೆ ರಾಜನದು, ಆದರೆ ಆನೆಯ ಹಾಡು ಊರಿನದು. ರಾಜವೈಭವ ಪ್ರಜೆಗಳ ಹಬ್ಬವಾಗುವ ಬಗೆಯನ್ನು ತಿಳಿಯಬೇಕೆನ್ನುವವರಿಗೆ ಇದಕ್ಕಿಂತ ಹಳೆಯ ನಿದರ್ಶನ ಕನ್ನಡದಲ್ಲಿ ಸಿಕ್ಕುವುದು ದುರ್ಲಭ.

ಅರಸರಿಗೆ ಆನೆ ಬೇಕಾದದ್ದು ಮೊದಲು ಮೆರವಣಿಗೆಗಾಗಿ ಅಲ್ಲ, ಕಾಳಗಕ್ಕಾಗಿ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದಿಟ್ಟಿರುವ ವೀರಗಲ್ಲೊಂದಿದೆ. ಗಂಗರ ಕಡೆಯ ನಾಗತ್ತರನೆಂಬ ವೀರ, ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾಡಿಯಲ್ಲಿ ಹೋರಾಡಿ ಮಡಿದದ್ದನ್ನು ಅದು ಹೇಳುತ್ತದೆ. ಆ ಕಲ್ಲಿನಲ್ಲಿ ಕತ್ತಿ, ಬಿಲ್ಲು, ಕುದುರೆಗಳ ನಡುವೆ ಆನೆಯೂ ಇದೆ, ಬಿದ್ದವರೂ ಕಾಣುತ್ತಾರೆ. ಆನೆಯ ರಾಜವೈಭವದ ಬೇರು ಈ ಬಗೆಯ ನೆತ್ತರಿನ ನೆಲದಲ್ಲಿದೆ ಎಂಬುದನ್ನು ನಾವು ಮರೆಯಬಾರದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ಬರೆಯುವ ಹೊತ್ತಿಗೆ ಆನೆ ರಾಜನ ಬಲವಾಗಿದ್ದಂತೆ ರಾಜನ ವಿನೋದವೂ ಆಗಿತ್ತು. ವಿಜಯನಗರದಲ್ಲಿ ಅದು ನಾಡಹಬ್ಬದ ಮುಖ್ಯ ಅಂಗವಾಯಿತು. ಹಂಪೆಯಲ್ಲಿ ಹನ್ನೊಂದು ಅಂಕಣಗಳ ಗಜಶಾಲೆಯನ್ನೂ ಮಹಾನವಮಿ ದಿಬ್ಬದ ಸುತ್ತ ಕೆತ್ತಿರುವ ಆನೆಗಳ ಸಾಲನ್ನೂ ಇಂದಿಗೂ ನೋಡಬಹುದು. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಮತ್ತು 1520ರ ಸುಮಾರಿಗೆ ಬಂದ ಪೋರ್ಚುಗಲ್ಲಿನ ಪಾಯೆಸ್, ಇಬ್ಬರೂ ಆ ಹಬ್ಬದ ಆನೆಗಳನ್ನು ಬಣ್ಣಿಸಿದ್ದಾರೆ. ಆ ರಾಜ್ಯ ಕುಸಿದ ಮೇಲೆ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. ಟಿಪ್ಪುವಿನ ಮರಣಾನಂತರ ಅದು ಮುಮ್ಮಡಿ ಕೃಷ್ಣರಾಜ ಒಡೆಯರೊಡನೆ ಮೈಸೂರಿಗೆ ಬಂದಿತು.

ಇಲ್ಲಿ ಸ್ವಲ್ಪ ಹೊರನಾಡಿನ ಕಡೆ ತಿರುಗಿ ನೋಡೋಣ. ನಮ್ಮ ಇಂದ್ರನ ಐರಾವತ ಸಮುದ್ರವನ್ನು ದಾಟಿ ಹೋಗಿ ನೆಲೆಸಿದ ದೇಶವೊಂದಿದೆ. ಅದು ಹಿಂದೆ ಸಯಾಮೆನಿಸಿದ್ದ ಇಂದಿನ ಥಾಯ್ಲೆಂಡ್. ಅಲ್ಲಿನವರು ಐರಾವತವನ್ನು ‘ಎರಾವನ್’ ಎನ್ನುತ್ತಾರೆ. ಸಾಮಾನ್ಯವಾಗಿ ಮೂರು ತಲೆಗಳಿಂದ ಚಿತ್ರಿಸುತ್ತಾರೆ. ಬ್ಯಾಂಕಾಕ್ ನಗರದ ಲಾಂಛನದಲ್ಲಿ ಆ ಆನೆಯ ಮೇಲೆ ಇಂದ್ರ ಕುಳಿತಿದ್ದಾನೆ. 1593ರಲ್ಲಿ ರಾಜ ನರೇಸುವನ್ ಆನೆಯ ಮೇಲೆ ಕುಳಿತು ಬರ್ಮಾದ ಯುವರಾಜನೊಡನೆ ಹೋರಾಡಿ ಗೆದ್ದನೆಂಬ ಕಥೆ ಅಲ್ಲಿನ ಮಕ್ಕಳಿಗೆಲ್ಲ ಗೊತ್ತು. ಇದಕ್ಕೂ ಮೊದಲು, 1563ರಲ್ಲಿ, ಬರ್ಮಾದ ಅರಸ ಬಯಿನ್ನೌಂಗ್ ಸಯಾಮಿನ ಅರಸನ ಬಳಿಯಿದ್ದ ಬಿಳಿ ಆನೆಗಳಲ್ಲಿ ಎರಡನ್ನು ಕೊಡಬೇಕೆಂದು ಕೇಳಿದ, ಇವನು ಕೊಡಲೊಪ್ಪಲಿಲ್ಲ, ಯುದ್ಧವೇ ಆಗಿಹೋಯಿತು. ಕೊನೆಗೆ ಸೋತವನು ಆನೆಗಳನ್ನೂ ಕೊಟ್ಟ, ಮಗನನ್ನೂ ಒತ್ತೆಯಿಟ್ಟ. ಯುದ್ಧಕ್ಕೆ ಆನೆ ನೆಪವಾಗಿದ್ದಿರಬಹುದು. ಆದರೆ ನೆಪವಾಗುವಷ್ಟು ಬೆಲೆ ಅದಕ್ಕಿತ್ತು.

ಬಿಳಿ ಆನೆಯೆಂದರೆ ಹಾಲಿನಂತೆ ಬೆಳ್ಳಗಿರುವುದಲ್ಲ. ಚರ್ಮ, ಕಣ್ಣು, ಉಗುರು, ರೋಮಗಳಲ್ಲಿ ಶಾಸ್ತ್ರ ಹೇಳಿದ ಲಕ್ಷಣಗಳಿದ್ದರೆ ಅದು ರಾಜಯೋಗ್ಯವೆನಿಸುತ್ತದೆ. ಅಂಥ ಆನೆ ಯಾರಿಗೆ ಸಿಕ್ಕಿದರೂ ಅರಸನಿಗೆ ಒಪ್ಪಿಸಬೇಕೆಂದು 1921ರ ಕಾನೂನೂ ಹೇಳಿತು. ಆಸ್ಥಾನದ ಬ್ರಾಹ್ಮಣರು ಮಂತ್ರೋಕ್ತವಾಗಿ ಅದಕ್ಕೆ ಅಭಿಷೇಕ ಮಾಡಿ, ಬಿರುದುಗಳುಳ್ಳ ಉದ್ದನೆಯ ಹೆಸರನ್ನಿಡುತ್ತಾರೆ. 1917ರಲ್ಲಿ ಈಗಿನ ಮೂರು ಬಣ್ಣದ ಬಾವುಟ ಬರುವ ಮುಂಚೆ ಆ ದೇಶದ ಕೆಂಪು ಬಾವುಟದ ನಡುವೆ ಬಿಳಿ ಆನೆಯೇ ಇತ್ತು. ನನ್ನ ಮಟ್ಟಿಗೆ ಇದರಲ್ಲಿ ಗಮನಿಸತಕ್ಕ ಅಂಶ ಬೇರೊಂದು. ಆ ಬಿಳಿ ಆನೆ ಯಾರನ್ನೂ ಹೊತ್ತು ತಿರುಗಬೇಕಾಗಿಲ್ಲ, ಮರವನ್ನು ಎಳೆಯಬೇಕಾಗಿಲ್ಲ. ಅದು ಇರುವುದೇ ಅದರ ಕೆಲಸ. ಕೆಲಸವಿಲ್ಲದ ಆ ಗೌರವವೂ ಒಂದು ಸೆರೆಯೇ ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ. ಆದರೂ ಗೌರವ ಸಲ್ಲುವುದು ಅಲ್ಲಿ ಆನೆಗೇ. ನಮ್ಮಲ್ಲಿ ಗೌರವ ಆನೆಯ ಬೆನ್ನ ಮೇಲೆ ಕುಳಿತದ್ದಕ್ಕೆ. ಆನೆಗೆ ಬಂದದ್ದು ಅದರ ಭಾರ.

ಆ ಭಾರ ಎಷ್ಟೆಂಬುದನ್ನು ಕನ್ನಡಿಗರೆಲ್ಲ ಬಲ್ಲರು: ಮೈಸೂರಿನ ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋಗ್ರಾಂ. ಮರದ ಚೌಕಟ್ಟಿನ ಮೇಲೆ ಚಿನ್ನದ ತಗಡನ್ನು ಹೊದಿಸಿ ಮಾಡಿದ ಈ ಮಂಟಪದಲ್ಲಿ ಹಿಂದೆ ಮಹಾರಾಜರು ಕುಳಿತು ವಿಜಯದಶಮಿಯ ದಿನ ಬನ್ನಿಮಂಟಪಕ್ಕೆ ಹೋಗುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರನ್ನು ಹೊತ್ತ ಜಯಮಾರ್ತಾಂಡನೆಂಬ ಆನೆಯ ಹೆಸರು ಅರಮನೆಯ ಒಂದು ಹೆಬ್ಬಾಗಿಲಿಗೇ ನಿಂತಿದೆ. 1971ರಲ್ಲಿ ರಾಜಧನ ರದ್ದಾಯಿತು. ಆ ವರ್ಷಗಳಲ್ಲಿ ಅಂಬಾರಿಯಿಂದ ಅರಸರು ಇಳಿದರು, ಚಾಮುಂಡೇಶ್ವರಿಯ ಮೂರ್ತಿ ಏರಿತು. ರಾಜ್ಯದ ಮುದ್ರೆಯಲ್ಲಿ ಮಾತ್ರ ಆನೆ ಬೇರೊಂದು ರೂಪದಲ್ಲಿ ನಿಂತಿದೆ. ಗಂಡಭೇರುಂಡದ ಎರಡು ಪಕ್ಕದಲ್ಲಿ ಸಿಂಹದ ಮೈಗೆ ಆನೆಯ ತಲೆಯನ್ನು ಜೋಡಿಸಿದ ಗಜಕೇಸರಿಗಳಿವೆ. ನಮ್ಮ ತಾಲ್ಲೂಕು ಕಚೇರಿಯಿಂದ ಬರುವ ಪ್ರತಿಯೊಂದು ಕಾಗದದ ನೆತ್ತಿಯ ಮೇಲೂ ಈ ಪ್ರಾಣಿ ಇರುತ್ತದೆ. ಪಹಣಿಗಾಗಿ ಸಾಲಿನಲ್ಲಿ ನಿಂತವರಿಗೆ ಅದನ್ನು ನೋಡುವ ವ್ಯವಧಾನವಿರುವುದಿಲ್ಲ, ಅಷ್ಟೆ.

ಕೆಲವು ವರ್ಷಗಳ ಕೆಳಗೆ, ದಸರೆಗೆ ಇನ್ನೂ ಮೂರು ವಾರಗಳಿದ್ದಾಗ ಮೈಸೂರಿನಲ್ಲಿ ನನಗೆ ಕೆಲಸ ಬಿದ್ದಿತ್ತು. ನನ್ನ ಜೊತೆಗೆ ಚಿಂತಾಮಣಿಯ ನೆಂಟರೊಬ್ಬರು ಬಂದಿದ್ದರು. ಬೆಳಗಿನ ಹೊತ್ತು ರಸ್ತೆಯಲ್ಲಿ ಆನೆಗಳ ತಾಲೀಮು ನಡೆಯುತ್ತಿತ್ತು. ವೀರನಹೊಸಹಳ್ಳಿಯಿಂದ ಗಜಪಯಣದಲ್ಲಿ ಬಂದ ಆನೆಗಳಿಗೆ ಮೊದಲು ತೂಕ ಮಾಡುತ್ತಾರೆ; ಆಮೇಲೆ ದಿನದಿನವೂ ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು ಐದು ಕಿಲೋಮೀಟರು ನಡೆಸುತ್ತಾರೆ. ಬರಿಯ ಬೆನ್ನಿನ ನಡಿಗೆ ಆದ ಮೇಲೆ ಮರಳಿನ ಮೂಟೆ. ಮೂಟೆಗಳನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿದ ಮೇಲೆ ಮರದ ಅಂಬಾರಿ. ಕೊನೆಯ ದಿನ ಚಿನ್ನದ್ದು. ಬೆನ್ನಿಗೆ ನೋವಾಗದಂತೆ ನಮ್ದಾ, ಗಾದಿಗಳನ್ನು ಕಟ್ಟಿ ಹಗ್ಗವನ್ನು ಬಿಗಿಯುವುದು ದೊಡ್ಡ ಕಲೆ. ಹಗ್ಗ ಒಂದು ಬೆರಳಷ್ಟು ಜಾರಿದರೆ ಅಂಬಾರಿ ವಾಲುತ್ತದೆ. ಕುಶಾಲತೋಪಿನ ಸದ್ದಿಗೆ ಬೆಚ್ಚದಂತೆ ಫಿರಂಗಿಗಳನ್ನು ಹಾರಿಸಿ ಅಭ್ಯಾಸ ಮಾಡಿಸುತ್ತಾರೆ. ಉದ್ದು, ಹೆಸರುಕಾಳು, ಗೋಧಿ, ಕುಸುಬಲಕ್ಕಿಗಳನ್ನು ಬೇಯಿಸಿ ಬೆಣ್ಣೆ ಸೇರಿಸಿದ ಉಂಡೆಗಳನ್ನೂ, ಹುಲ್ಲಿನಲ್ಲಿ ಭತ್ತ, ಬೆಲ್ಲ, ತೆಂಗಿನಕಾಯಿಗಳನ್ನಿಟ್ಟು ಕಟ್ಟಿದ ಕುಸುರೆಯನ್ನೂ ತಿನ್ನಿಸುತ್ತಾರೆ. ಮೆರವಣಿಗೆಯಲ್ಲಿ ನಿಶಾನೆ ಆನೆ, ನೌಪತ್ ಆನೆ, ಅಂಬಾರಿಯ ಆನೆಯ ಎಡಬಲಕ್ಕೆ ಕುಮ್ಕಿ ಆನೆಗಳು ಎಂದು ಒಂದೊಂದಕ್ಕೂ ಒಂದೊಂದು ಸ್ಥಾನವಿದೆ. ಎಡಬಲದ ಕುಮ್ಕಿಗಳು ಹೆಣ್ಣಾನೆಗಳು. ಅವು ಪಕ್ಕದಲ್ಲಿದ್ದರೆ ಗಂಡಾನೆಗೆ ಧೈರ್ಯವಂತೆ.

ಅರಮನೆಯ ಆವರಣದ ಬಿಡಾರದಲ್ಲಿ ಒಬ್ಬ ಮುದುಕ ಕಾವಾಡಿ ಆನೆಯ ಕಾಲುಗುರುಗಳಿಗೆ ಎಣ್ಣೆ ಹಚ್ಚುತ್ತ ಕುಳಿತಿದ್ದ. ಕಾಡಿನ ಹಾಡಿಯಿಂದ ಸಂಸಾರಸಮೇತ ಬಂದಿದ್ದವನು. ಅವನ ಮೊಮ್ಮಗಳು ಆನೆಯ ಹೊಟ್ಟೆಯ ನೆರಳಿನಲ್ಲಿ ಸ್ಲೇಟು ಹಿಡಿದು ಕೂತಿದ್ದಳು. ನಮ್ಮ ನೆಂಟರು ಮಾತಿಗೆ ಮೊದಲು ಮಾಡಿದರು.

“ಯಜಮಾನರೆ, ಅಷ್ಟು ಭಾರ ಹೊರೋದು ಇದಕ್ಕೆ ಇಷ್ಟವೇ?”

ಮುದುಕ ತಲೆಯೆತ್ತದೆ ಹೇಳಿದ: “ಇಷ್ಟ ಅಂತ ನಾ ಹೆಂಗೇಳಲಿ ಬುದ್ಧಿ? ಅದು ಮಾತಾಡಾಕಿಲ್ಲ. ಬೆನ್ನು ನೋಡ್ತೀವಿ, ಕಣ್ಣು ನೋಡ್ತೀವಿ, ಲದ್ದಿ ನೋಡ್ತೀವಿ. ಮೂರೂ ಸರಿಯಾಗಿದ್ರೆ ಹೊರ್ತದೆ ಅಂತ ತಿಳ್ಕೋತೀವಿ.”

“ಸರಿಯಾಗಿಲ್ಲದಿದ್ದರೆ?”

“ಬ್ಯಾಡ ಅಂತ ಹೇಳ್ತೀವಿ. ಸಾಹೇಬರು ಕೇಳ್ತಾರೆ. ಒಂದೊಂದು ಸಲ ನಾವು ಹೇಳೋಕೆ ಮುಂಚೆ ಅದೇ ಹೇಳ್ಬಿಡ್ತದೆ.” ಹೀಗೆಂದು ನಕ್ಕ. ಆಮೇಲೆ ಸ್ವಲ್ಪ ತಡೆದು, “ಹತ್ತು ದಿನ ಎಲ್ಲರೂ ಇದನ್ನ ನೋಡಾಕೆ ಬರ್ತಾರೆ ಬುದ್ಧಿ. ಆಮ್ಯಾಕೆ ನಾನೂ ಇದೂ ಇಬ್ಬರೇ” ಎಂದ.

ಈ ಮಾತಿನಲ್ಲಿ ದೂರು ಇರಲಿಲ್ಲ. ಅವನ ಪಾಲಿಗೆ ಅದು ಸಂತೋಷದ ಸಂಗತಿಯೇ ಇದ್ದಿರಬಹುದು. ಆದರೆ ಆ ‘ಆಮ್ಯಾಕೆ’ ಎಂಬುದೇನು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹತ್ತು ದಿನಗಳ ಹಬ್ಬವನ್ನು ಬಲ್ಲ ನಾವು ಉಳಿದ ಮುನ್ನೂರೈವತ್ತೈದು ದಿನಗಳನ್ನು ಬಲ್ಲೆವೆ? ಈ ಆನೆಗಳು ಎಲ್ಲಿಂದ ಬಂದವು, ಹಬ್ಬ ಮುಗಿದ ಮೇಲೆ ಏನು ಮಾಡುತ್ತವೆ, ಹೇಗೆ ಸಾಯುತ್ತವೆ ಎಂಬುದನ್ನು ತಿಳಿಯದೆ ಮೆರವಣಿಗೆಯನ್ನು ನೋಡಿದರೆ ಅರ್ಧವನ್ನು ಮಾತ್ರ ನೋಡಿದಂತೆ.

ಬಂದದ್ದು ಖೆಡ್ಡಾದಿಂದ. ನಮ್ಮ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಕಾಕನಕೋಟೆಯಲ್ಲಿ ಆನೆ ಹಿಡಿಸಲು ಯತ್ನಿಸಿ ವಿಫಲನಾದನೆಂದೂ, ಮುಂದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದೆಂಬ ಶಾಪವನ್ನು ಕಲ್ಲಿನಲ್ಲಿ ಕೆತ್ತಿಸಿದನೆಂದೂ ಸ್ಯಾಂಡರ್ಸನ್ ಬರೆದಿದ್ದಾನೆ. ಆ ಶಾಪಕ್ಕೆ ಅಂಜದ ಸ್ಯಾಂಡರ್ಸನ್ 1870ರ ದಶಕದಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ನಡೆಸಿ ಹಿಂಡನ್ನೇ ಹಿಡಿದ. ಆಮೇಲೆ ಕಬಿನಿಯ ದಡದ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಯಿತು. ನೂರಾರು ಜನ ಪಂಜು, ತಮಟೆಗಳೊಡನೆ ಹಿಂಡನ್ನು ಹೊಳೆಗೆ ಅಟ್ಟುವುದು, ಹೊಳೆ ದಾಟಿದ ಹಿಂಡು ಮರದ ದಿಮ್ಮಿಗಳ ಆವರಣಕ್ಕೆ ಹೊಕ್ಕೊಡನೆ ಬಾಗಿಲನ್ನು ಬೀಳಿಸುವುದು, ಪಳಗಿದ ಆನೆಗಳಿಂದ ಕಾಡಾನೆಗಳನ್ನು ಒತ್ತರಿಸಿ ಕಾಲಿಗೆ ಹಗ್ಗ ಬಿಗಿಯುವುದು — ಇದನ್ನು ನೋಡಲು ವೈಸರಾಯರೂ ಪರದೇಶದ ರಾಜಕುಮಾರರೂ ಬರುತ್ತಿದ್ದರು. ಆ ಕಾಡಿನ ಅಂಚಿನ ಕಾರಾಪುರದ ಹುಡುಗ ಸಾಬು 1937ರಲ್ಲಿ ಆನೆಯ ಹುಡುಗನಾಗಿ ಚಲನಚಿತ್ರದಲ್ಲಿ ಕಾಣಿಸಿಕೊಂಡು ಹಾಲಿವುಡ್ಡಿನವರೆಗೆ ಹೋದ. ನೋಡುವವರಿಗೆ ಅದು ಉತ್ಸವ. ತಾಯಿಯಿಂದ ಬೇರಾದ ಮರಿಗೆ ಏನೆಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು; 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು ಹಳೆಯ ಖೆಡ್ಡಾದ ಬಯಲನ್ನು ನೀರು ಆವರಿಸಿತು.

ಖೆಡ್ಡಾ ನಿಂತಿತು, ಆನೆಯನ್ನು ಹಿಡಿಯುವ ಕೆಲಸ ನಿಲ್ಲಲಿಲ್ಲ. ಹಾಸನ, ಕೊಡಗುಗಳಲ್ಲಿ ಕಾಫಿಯ ತೋಟಗಳಿಗೂ ಗದ್ದೆಗಳಿಗೂ ಆನೆ ನುಗ್ಗಿ ಮನುಷ್ಯರು ಸತ್ತಾಗ, ಆ ಆನೆಯನ್ನು ಹಿಡಿಯಲು ಅರಣ್ಯ ಇಲಾಖೆ ಕರೆಯುವುದು ಈ ದಸರಾ ಆನೆಗಳನ್ನೇ. ಹಿಂದೆ ಸೆರೆ ಸಿಕ್ಕಿದ್ದು ಇಂದು ಸೆರೆ ಹಿಡಿಯುತ್ತದೆ. ಹಬ್ಬದ ದಿನ ದೇವಿಯನ್ನು ಹೊತ್ತ ಬೆನ್ನು ಹಬ್ಬವಾದ ಮೇಲೆ ಇಂಥ ಕೆಲಸಕ್ಕೆ ಹೋಗುತ್ತದೆ.

ಇನ್ನು ಅವುಗಳ ಕೊನೆ. ಹದಿನೆಂಟು ವರ್ಷ ಅಂಬಾರಿ ಹೊತ್ತ ದ್ರೋಣ 1998ರಲ್ಲಿ ಕಾಡಿನಲ್ಲಿ ಮೇಯುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಸತ್ತ. ಅವನ ಸ್ಥಾನಕ್ಕೆ ಬಂದ ಬಲರಾಮ ಸಾಧುಸ್ವಭಾವದವನೆಂದು ಹೆಸರಾದವನು. 2011ರವರೆಗೆ ಅಂಬಾರಿ ಹೊತ್ತ. ವಿಶ್ರಾಂತಿಯಲ್ಲಿದ್ದ ಅವನು 2022ರ ಡಿಸೆಂಬರಿನಲ್ಲಿ ಶಿಬಿರದ ಬಳಿಯ ಹೊಲದ ಕಡೆ ಹೋದಾಗ ಕಾಡಾನೆಯೆಂದು ಬಗೆದು ಗುಂಡು ಹಾರಿಸಿದರು. ಆ ಗಾಯದಿಂದ ಚೇತರಿಸಿಕೊಂಡರೂ 2023ರ ಮೇ ತಿಂಗಳಲ್ಲಿ ರೋಗದಿಂದ ಮಡಿದ. ಮೂರನೆಯವನು ಅರ್ಜುನ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿದ ಮರಿ. 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತ. ಅರವತ್ತು ದಾಟಿದ ಆನೆಗೆ ಅಷ್ಟು ಭಾರ ಹೊರಿಸಕೂಡದೆಂದು 2020ರಲ್ಲಿ ಅಂಬಾರಿ ಅಭಿಮನ್ಯುವಿಗೆ ಬಂತು. ಆದರೆ ಅದೇ ಅರವತ್ತು ದಾಟಿದ ಅರ್ಜುನ 2023ರ ಡಿಸೆಂಬರ್ 4ರಂದು, ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಮದಿಸಿದ ಸಲಗವೊಂದರೊಡನೆ ಸೆಣಸಿ ಸತ್ತ. ಅಂಬಾರಿಗೆ ಮುಪ್ಪಾಗಿದ್ದವನು ಕಾಳಗಕ್ಕೆ ಮುಪ್ಪಾಗಿರಲಿಲ್ಲವೇ ಎಂದು ಜನ ಕೇಳಿದರು. ಸ್ಮಾರಕ ಕಟ್ಟಬೇಕೆಂದು ಕೂಗಿದರು. ಮಾವುತನು ಆ ಮೃತದೇಹವನ್ನು ತಬ್ಬಿ ಅತ್ತದ್ದನ್ನು ನಾಡೆಲ್ಲ ನೋಡಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಒಂದು ತಂತಿ, ಒಂದು ಗುಂಡು, ಒಂದು ಕಾಡಾನೆ. ಯಾವುದಕ್ಕೂ ಅಂಬಾರಿಯ ತೂಕ ಕಾರಣವಲ್ಲ. ಮೂರಕ್ಕೂ ಹಿನ್ನೆಲೆಯಾಗಿ ನಿಂತಿರುವುದು ಒಂದೇ ಸಂಗತಿ: ಮನುಷ್ಯನ ನೆಲ ಕಾಡಿನೊಳಕ್ಕೆ ಬಂದಿದೆ, ಕಾಡಿನ ಪ್ರಾಣಿ ಮನುಷ್ಯನ ನೆಲಕ್ಕೆ ಬರುತ್ತಿದೆ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆಯೆಂದು ಅಂದಾಜಾಯಿತು. ಭಾರತದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಒಂದೊಂದಕ್ಕೂ ದಿನಕ್ಕೆ ನೂರೈವತ್ತು ಕಿಲೋಗ್ರಾಮಿನಷ್ಟು ಮೇವು ಬೇಕು. ಅವು ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹೋಗುವ ದಾರಿಯಲ್ಲಿ ತೋಟ, ಕಾಲುವೆ, ಹೆದ್ದಾರಿ, ಬೇಲಿಗಳಿವೆ. ಆನೆ ನಡೆದದ್ದೇ ದಾರಿ ಎಂಬ ಗಾದೆ ಇಂದು ಸುಳ್ಳಾಗಿದೆ.

ಅಂಬಾರಿಯನ್ನು ರಥದ ಮೇಲಿಡಿ, ಆನೆಯನ್ನು ಬಿಡಿ ಎಂದು ಪ್ರಾಣಿದಯೆಯ ಪರವಾಗಿ ಮಾತನಾಡುವವರು ಕೇಳುತ್ತ ಬಂದಿದ್ದಾರೆ. ನಾಲ್ಕು ಶತಮಾನದ ಸಂಪ್ರದಾಯವನ್ನು ಮುಟ್ಟಬೇಡಿ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡನೆಯವರಿಗೆ ನಾನು ವಿನಯದಿಂದ ಒಂದು ಮಾತು ಹೇಳಬಯಸುತ್ತೇನೆ. ಈ ಸಂಪ್ರದಾಯ ಬದಲಾಗದೆ ಬಂದದ್ದಲ್ಲ. ಗಂಗರ ಕಾಲದಲ್ಲಿ ಕಾಳಗದ ಯಂತ್ರವಾಗಿದ್ದ ಆನೆ ವಿಜಯನಗರದ ಹಬ್ಬಕ್ಕೆ ಬಂತು, ಹಂಪೆಯ ಹಬ್ಬ ಶ್ರೀರಂಗಪಟ್ಟಣಕ್ಕೂ ಅಲ್ಲಿಂದ ಮೈಸೂರಿಗೂ ಬಂತು, ಅಂಬಾರಿಯಿಂದ ರಾಜ ಇಳಿದು ದೇವಿ ಏರಿದಳು, ಖೆಡ್ಡಾ ನಿಂತಿತು, ಅರವತ್ತಾದ ಆನೆಗೆ ಭಾರ ಬೇಡವೆಂಬ ನಿಯಮ ಬಂತು. ಪ್ರತಿಯೊಂದು ಬದಲಾವಣೆಯಲ್ಲೂ ಹಬ್ಬ ಉಳಿಯಿತು. ಚಿನ್ನದ ಅಂಬಾರಿಯ ಬದಲು ಹಗುರವಾದ ಮರದ ಅಂಬಾರಿಯಲ್ಲಿ ದೇವಿ ಕುಳಿತರೆ ಅವಳ ಮಹಿಮೆ ಕುಗ್ಗುವುದೆಂದು ನಾನು ನಂಬಲಾರೆ. ಚಿನ್ನದ್ದು ಅರಮನೆಯಲ್ಲಿ ಎಲ್ಲರೂ ನೋಡುವಂತೆ ಇರಲಿ.

ಮೊದಲನೆಯವರಿಗೂ ಒಂದು ಮಾತು ಹೇಳಬೇಕು. ಆನೆಯನ್ನು ಕೆಲಸದಿಂದ ಬಿಡಿಸಿದ ಮಾತ್ರಕ್ಕೆ ಅದು ಉದ್ಧಾರವಾಗುವುದಿಲ್ಲ. ಥಾಯ್ಲೆಂಡಿನಲ್ಲಿ 1989ರಲ್ಲಿ ಕಾಡಿನ ಮರ ಕಡಿಯುವುದನ್ನು ನಿಷೇಧಿಸಿದರು. ಒಳ್ಳೆಯ ಕೆಲಸವೇ. ಆದರೆ ದಿಮ್ಮಿ ಎಳೆಯುತ್ತಿದ್ದ ಆನೆಗಳೂ ಅವುಗಳ ಮಾವುತರೂ ಒಂದೇ ದಿನದಲ್ಲಿ ನಿರುದ್ಯೋಗಿಗಳಾದರು. ಬಿಳಿ ಆನೆಗೆ ಅಭಿಷೇಕ ಮಾಡುವ ಅದೇ ನಾಡಿನ ರಾಜಧಾನಿಯ ಬೀದಿಗಳಲ್ಲಿ ಕರಿಯ ಆನೆಗಳು ರಾತ್ರಿ ಹೊತ್ತು ಭಿಕ್ಷೆಗೆ ನಿಂತವು. ನಾವೂ ಅದನ್ನು ಕಾಣದವರಲ್ಲ. ನನ್ನ ಹುಡುಗತನದಲ್ಲಿ ಶಿಡ್ಲಘಟ್ಟದ ಪೇಟೆಗೆ ಬೇಸಗೆಯಲ್ಲಿ ಒಂದು ಆನೆ ಬರುತ್ತಿತ್ತು. ಹಣೆಯ ಮೇಲೆ ನಾಮ, ಕೊರಳಲ್ಲಿ ಗಂಟೆ. ರೇಷ್ಮೆಗೂಡು ಮಾರಿ ಬಂದ ರೈತರು ಕಾಸು ಕೊಡುತ್ತಿದ್ದರು. ತಾಯಂದಿರು ಹೆದರಿಕೆ ಹೋಗಲೆಂದು ಮಕ್ಕಳನ್ನು ಆನೆಯ ಹೊಟ್ಟೆಯ ಕೆಳಗೆ ನುಸುಳಿಸುತ್ತಿದ್ದರು. ಬಾಲದ ಕೂದಲಿನ ಉಂಗುರಕ್ಕಾಗಿ ಹುಡುಗರು ಕಾಡುತ್ತಿದ್ದರು. ಟಾರು ರಸ್ತೆಯ ಬಿಸಿಗೆ ಅದು ಒಂದೊಂದೇ ಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದುದನ್ನು ಆನೆ ಕುಣಿಯುತ್ತಿದೆಯೆಂದು ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು. ರಾಜನ ಆನೆಗೆ ಬೆಣ್ಣೆಯ ಉಂಡೆಯಾದರೂ ಉಂಟು. ಬೀದಿಯ ಆನೆಗೆ ಏನುಂಟು? ಹಬ್ಬದಿಂದ ಬಿಡಿಸಿದ ಆನೆಗೆ ಕಾಡೂ ಮೇವೂ ಅದನ್ನು ಬಲ್ಲ ಮಾವುತನಿಗೆ ಸಂಬಳವೂ ಇರತಕ್ಕದ್ದು. ಅವಿಲ್ಲದ ದಯೆ ಬರಿಯ ಮಾತು.

ಆದುದರಿಂದ ಆನೆಗೆ ನಾವು ಕೊಡುವ ಗೌರವವನ್ನು ವಿಜಯದಶಮಿಯ ದಿನದಲ್ಲಿ ಅಳೆಯಬಾರದು. ಅಳತೆಗೆ ಬೇರೆ ಸ್ಥಳಗಳಿವೆ. ಕಾಡಿನ ನಡುವಿನ ವಿದ್ಯುತ್ ತಂತಿಯನ್ನು ಆನೆಯ ಸೊಂಡಿಲಿಗೆ ನಿಲುಕದಷ್ಟು ಎತ್ತರಿಸಿದ್ದೇವೆಯೇ? ಬೆಳೆ ಹೋದ ರೈತನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಸಿಕ್ಕಿತೇ? ಹಿಂಡು ನಡೆಯುವ ದಾರಿಯನ್ನು ಮಾರಿಕೊಳ್ಳದೆ ಉಳಿಸಿದ್ದೇವೆಯೇ? ಅರವತ್ತು ದಾಟಿದ ಆನೆಯನ್ನು ನಿಜವಾಗಿಯೂ ವಿಶ್ರಾಂತಿಗೆ ಬಿಟ್ಟಿದ್ದೇವೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಹೌದೆನ್ನಬಲ್ಲ ಸರ್ಕಾರ ಇಪ್ಪತ್ತೊಂದು ಕುಶಾಲತೋಪು ಹಾರಿಸಿದರೆ ಅದಕ್ಕೆ ಅರ್ಥವುಂಟು.

ಇದೆಲ್ಲ ಮೈಸೂರಿನವರ, ಕೊಡಗಿನವರ ಚಿಂತೆ, ಬಯಲುಸೀಮೆಯ ನಮಗೇಕೆ ಎಂದು ನಮ್ಮವರು ಯಾರೂ ಅನ್ನಲಾಗದು. 1980ರ ದಶಕದಲ್ಲಿ ಹೊಸೂರು, ಧರ್ಮಪುರಿಯ ಕಾಡುಗಳಿಂದ ಹೊರಟ ಆನೆಯ ಹಿಂಡೊಂದು, ಶತಮಾನಗಳಿಂದ ಆನೆಯನ್ನೇ ಕಾಣದಿದ್ದ ಚಿತ್ತೂರಿನ ಕೌಂಡಿನ್ಯದ ಕಾಡಿಗೆ ಬಂದು ನೆಲೆಸಿತು. ಕೋಲಾರ ಜಿಲ್ಲೆಯ ತೆಂಕಣ ಗಡಿಯ ಹೊಲಗಳಲ್ಲಿ ಈಗ ಆನೆ ಇಳಿಯುವುದು ಹೊಸ ಸುದ್ದಿಯಲ್ಲ. ಮಾಲೂರು, ಬಂಗಾರಪೇಟೆಯ ಕಡೆಯ ರೈತರು ರಾಗಿಯ ತೆನೆ ಬಂದ ಮೇಲೆ ರಾತ್ರಿ ನಿದ್ರೆ ಬಿಟ್ಟು ಕಾಯುತ್ತಾರೆ. ಅವರ ಸಂಕಟವನ್ನು ನಗರದಲ್ಲಿ ಕುಳಿತವರು ಹಗುರವಾಗಿ ತಿಳಿಯಕೂಡದು. ಕುವಲಾಲಪುರದ ಸೀಮೆಗೆ ಮದಗಜೇಂದ್ರ ಹೀಗೆ ಹಿಂತಿರುಗಿ ಬಂದಿದ್ದಾನೆ. ತಾಮ್ರದ ಮುದ್ರೆಯ ಮೇಲಲ್ಲ, ಹಸಿದ ಹೊಟ್ಟೆಯೊಡನೆ, ಜೀವಂತವಾಗಿ. ಅವನಿಗೂ ನಮ್ಮ ರೈತನಿಗೂ ಒಂದೇ ನೆಲದಲ್ಲಿ ಬಾಳುವ ದಾರಿಯನ್ನು ಕಂಡುಹಿಡಿಯುವುದು ಕಷ್ಟದ ಕೆಲಸವೇ ಸರಿ. ಆದರೆ ಆನೆಯ ವಿಷಯದಲ್ಲಿ ಅರಸನೇ ಶಾಸ್ತ್ರ ಬರೆದ, ಒನಕೆ ಹಿಡಿದವಳು ಹಾಡು ಹೇಳಿದ ನಾಡು ಇದು. ಆ ಕೆಲಸಕ್ಕೆ ಬೇಕಾದ ಆಸ್ಥೆ ನಮ್ಮಲ್ಲಿ ಪೂರ್ತಿ ಬತ್ತಿಹೋಗಿಲ್ಲವೆಂದೇ ನನ್ನ ನಂಬಿಕೆ.